ಉರಿಬಿಸಿಲಲ್ಲಿ ಹೂಮರದ ಫೋಟೋ: ಬಣ್ಣ ಸುಡದಂತೆ ತೆಗೆಯುವುದು ಹೇಗೆ?

ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಶಿರಸಿಯಿಂದ ಮುಂಡಗೋಡ, ಹುಬ್ಬಳ್ಳಿಯ ಕಡೆಗೆ ಎಂದಾದರೂ ಬಸ್ಸಿನಲ್ಲಿ ಹೋಗಿದ್ದೀರಾ? ಮಳಗಿ ಸಮೀಪಿಸುತ್ತಿದ್ದಂತೆ ಮಲೆನಾಡಿನ ದಟ್ಟ ಹಸಿರು ತೆಳುವಾಗುತ್ತದೆ. ಎಲೆ ಉದುರಿಸಿ ಬೋಳಾಗಿ ನಿಂತ ಕಾಡಿನ ನಡುವೆ ಮುತ್ತುಗದ ಮರವೊಂದು ಮೈತುಂಬಾ ಕೆಂಡ ಹೊತ್ತಂತೆ ನಿಂತಿರುತ್ತದೆ. ಏಪ್ರಿಲ್ ಬಂತೆಂದರೆ ಕಕ್ಕೆಯ ಹಳದಿ ಗೊಂಚಲುಗಳು, ಹಳ್ಳದ ದಂಡೆಯಲ್ಲಿ ಹೊಳೆದಾಸವಾಳದ ನೇರಳೆ, ಶಾಲೆ-ಕಚೇರಿಗಳ ಅಂಗಳದಲ್ಲಿ ಗುಲ್‌ಮೊಹರ್. ನೋಡಿದವರಿಗೆ ಒಂದು ಫೋಟೋ ತೆಗೆಯಬೇಕೆಂಬ ಆಸೆ ಹುಟ್ಟುವುದು ಸಹಜ.

ಆದರೆ ಮನೆಗೆ ಬಂದು ನಿಧಾನವಾಗಿ ನೋಡಿದರೆ ನಿರಾಸೆಯಾಗುತ್ತದೆ. ಮುತ್ತುಗದ ಹೂವು ಕೆಂಪು ಬಣ್ಣ ಚೆಲ್ಲಿದ ಕಲೆಯಂತಿರುತ್ತದೆ, ಎಸಳು ಯಾವುದು ಮೊಗ್ಗು ಯಾವುದು ತಿಳಿಯುವುದಿಲ್ಲ. ಕಕ್ಕೆಯ ಹಳದಿ ಬಿಳುಚಿಕೊಂಡಿರುತ್ತದೆ. ಇಲ್ಲವೇ ಆಕಾಶ ಚೆನ್ನಾಗಿ ಬಂದು ಮರವೇ ಕಪ್ಪಾಗಿರುತ್ತದೆ. “ಇಷ್ಟೊಂದು ಬೆಳಕಿತ್ತಲ್ಲ, ಆದರೂ ಫೋಟೋ ಏಕೆ ಕೆಟ್ಟಿತು?” ಎಂದು ಕೇಳುವವರೇ ಹೆಚ್ಚು.

ಬೆಳಕು ಹೆಚ್ಚಿದ್ದಷ್ಟೂ ಫೋಟೋ ಚೆನ್ನಾಗಿ ಬರುತ್ತದೆ ಎಂಬುದು ಅರ್ಧ ಸತ್ಯ ಮಾತ್ರ. ಎಷ್ಟು ಬೆಳಕನ್ನು ಒಳಗೆ ಬಿಡಬೇಕು ಎಂಬ ಲೆಕ್ಕ ಸರಿಯಾಗಬೇಕು. ಇದನ್ನೇ ಎಕ್ಸ್‌ಪೋಷರ್ ಎನ್ನುತ್ತಾರೆ. ಅಡುಗೆಯಲ್ಲಿ ಉಪ್ಪಿನ ಹದ ಇದ್ದಂತೆ ಇದೂ. ಕಡಿಮೆಯಾದರೆ ಆಮೇಲೆ ಸೇರಿಸಬಹುದು, ಹೆಚ್ಚಾದರೆ ತೆಗೆಯುವುದು ಕಷ್ಟ. ತುಸು ಕಪ್ಪಾಗಿ ಬಂದ ಫೋಟೋವನ್ನು ಆಮೇಲೆ ಬೆಳಗಿಸಬಹುದು. ಬೆಳಕು ಹೆಚ್ಚಾಗಿ ಸುಟ್ಟುಹೋದ ಎಸಳನ್ನು ಮಾತ್ರ ಯಾವ ಸಾಫ್ಟ್‌ವೇರೂ ಮರಳಿ ತಂದುಕೊಡಲಾರದು. ಅಲ್ಲಿ ಏನಿತ್ತು ಎಂಬ ಮಾಹಿತಿಯೇ ದಾಖಲಾಗಿರುವುದಿಲ್ಲ.

ಬಸರಾದ ವಿದ್ವಾಂಸ ಮತ್ತು ಕತ್ತಲೆ ಕೋಣೆ

ಬೆಳಕಿನ ಈ ಲೆಕ್ಕಾಚಾರಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ. ಕ್ರಿ.ಶ. 965ರ ಸುಮಾರಿಗೆ ಇರಾಕಿನ ಬಸರಾದಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಬೆಳಕಿನ ಬಗ್ಗೆ ‘ಕಿತಾಬುಲ್ ಮನಾಝಿರ್’ ಎಂಬ ಬೃಹತ್ ಗ್ರಂಥ ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಹಲವರು ನಂಬಿದ್ದ ಕಾಲ ಅದು. ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಸೇರುವುದರಿಂದಲೇ ನೋಟ ಸಾಧ್ಯ ಎಂದು ಅವರು ಪ್ರಯೋಗಗಳ ಮೂಲಕ ವಿವರಿಸಿದರು. ಸಣ್ಣ ರಂಧ್ರದ ಮೂಲಕ ಬಿದ್ದ ಗ್ರಹಣದ ಸೂರ್ಯನ ಬಿಂಬವನ್ನು ಅಧ್ಯಯನ ಮಾಡಿ, ರಂಧ್ರ ಹಿಗ್ಗಿದಂತೆ ಬಿಂಬದ ಆಕಾರ ಕೆಡುತ್ತದೆ ಎಂಬುದನ್ನು ಗುರುತಿಸಿದರು. ವಿಶ್ವಸಂಸ್ಥೆ 2015ನ್ನು ಬೆಳಕಿನ ವರ್ಷವೆಂದು ಆಚರಿಸಿದಾಗ ಅವರ ಕೊಡುಗೆಯನ್ನು ವಿಶೇಷವಾಗಿ ಸ್ಮರಿಸಲಾಯಿತು. ಇಂದು ನಿಮ್ಮ ಕೈಯಲ್ಲಿರುವ ಮೊಬೈಲ್ ಕೂಡ ಒಂದು ಪುಟ್ಟ ಕತ್ತಲೆ ಕೋಣೆಯೇ. ಅದಕ್ಕೊಂದು ಕಿಂಡಿ, ಒಳಗೊಂದು ಬೆಳಕು ಹಿಡಿಯುವ ಗೋಡೆ. ಕಿಂಡಿ ಎಷ್ಟು ದೊಡ್ಡದು, ಎಷ್ಟು ಹೊತ್ತು ತೆರೆದಿರಬೇಕು ಎಂಬುದಷ್ಟೇ ಪ್ರಶ್ನೆ.

ಕ್ಯಾಮರಾ ಮೋಸಹೋಗುವುದು ಎಲ್ಲಿ?

ಕ್ಯಾಮರಾದೊಳಗೆ ಬೆಳಕು ಅಳೆಯುವ ಮೀಟರ್ ಇರುತ್ತದೆ. ಮುಂದಿರುವುದು ಹೂವೋ, ಗೋಡೆಯೋ, ಎಮ್ಮೆಯೋ ಎಂದು ಆ ಮೀಟರಿಗೆ ತಿಳಿಯದು. ಎದುರಿನ ದೃಶ್ಯ ಒಟ್ಟಾರೆ ಮಧ್ಯಮ ಬೂದು ಬಣ್ಣದಷ್ಟು ಬೆಳಗಿದೆ ಎಂಬ ಊಹೆಯ ಮೇಲೆ ಅದು ಕೆಲಸ ಮಾಡುತ್ತದೆ. ಈಚಿನ ಫೋನುಗಳು ದೃಶ್ಯವನ್ನು ಗುರುತಿಸಲು ಕಲಿತಿವೆ ನಿಜ, ಆದರೂ ಈ ಊಹೆಯ ಪ್ರಭಾವ ಪೂರ್ತಿ ಹೋಗಿಲ್ಲ. ಹಾಗಾಗಿ ಬೆಳ್ಳಗಿನದನ್ನು ತೋರಿಸಿದರೆ ಕ್ಯಾಮರಾ ಬೂದಾಗಿಸುತ್ತದೆ, ಕಪ್ಪಗಿನದನ್ನು ತೋರಿಸಿದರೆ ಅತಿಯಾಗಿ ಬೆಳಗಿಸುತ್ತದೆ. ಹೂಮರದ ಫೋಟೋ ಕೆಡುವುದು ಹೆಚ್ಚಾಗಿ ಹಿನ್ನೆಲೆಯಿಂದ. ನಾಲ್ಕು ಸಂದರ್ಭಗಳನ್ನು ನೋಡೋಣ.

ಒಂದು: ಹೂವಿನ ಹಿಂದೆ ದಟ್ಟ ನೆರಳು. ಮಾವಿನ ತೋಪಿನ ಮುಂದೆ ಕಕ್ಕೆಯ ಮರ ನಿಂತಿದೆ ಎಂದುಕೊಳ್ಳಿ. ಚೌಕಟ್ಟಿನ ಬಹುಭಾಗ ಕಡುಹಸಿರು. ಕ್ಯಾಮರಾ ‘ಕತ್ತಲಿದೆ’ ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಬಿಸಿಲಲ್ಲಿರುವ ಹಳದಿ ಗೊಂಚಲು ಸುಡುತ್ತದೆ. ಇಲ್ಲಿ ಎಕ್ಸ್‌ಪೋಷರನ್ನು ಮೈನಸ್ ಒಂದರಷ್ಟು ಇಳಿಸಬೇಕು.

ಎರಡು: ಹೂವಿನ ಹಿಂದೆ ಬಿಳಿ ಆಕಾಶ ಅಥವಾ ಹೊಳೆಯುವ ನೀರು. ಮಳಗಿಯ ಧರ್ಮಾ ಜಲಾಶಯದ ದಂಡೆಯಲ್ಲಿ ನೀರಿಗೆ ಎದುರಾಗಿ ನಿಂತು ಮರದ ಫೋಟೋ ತೆಗೆದರೆ ಇದೇ ಆಗುವುದು. ನೀರಿನ ಹೊಳಪು ಕಂಡು ಕ್ಯಾಮರಾ ಬೆಳಕು ಕಡಿಮೆ ಮಾಡುತ್ತದೆ, ಮರ ಕಪ್ಪಾಗುತ್ತದೆ. ಇಲ್ಲಿ ಪ್ಲಸ್ ಒಂದರವರೆಗೆ ಏರಿಸಬಹುದು. ಆದರೆ ಆಕಾಶ ಪೂರ್ತಿ ಬಿಳಿಯಾಗಿಬಿಡುತ್ತದೆ. ಅದಕ್ಕಿಂತ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಹಿನ್ನೆಲೆಗೆ ಗುಡ್ಡವೋ ಹಸಿರೋ ಬರುವಂತೆ ನಿಲ್ಲುವುದು ಮೇಲು.

ಮೂರು: ಬಿಳಿ ಹೂವುಗಳೇ ಚೌಕಟ್ಟು ತುಂಬಿರುವುದು. ಅಂಗಳದ ನುಗ್ಗೆ ಹೂಬಿಟ್ಟಾಗ, ದೇವಗಣಗಿಲೆಯ ಗೊಂಚಲನ್ನು ಹತ್ತಿರದಿಂದ ತೆಗೆಯುವಾಗ ಬಿಳಿ ಮಂಕಾಗಿ ಬರುತ್ತದೆ. ಇಲ್ಲಿ ತುಸು ಪ್ಲಸ್ ಮಾಡಿ. ಆದರೆ ಎಸಳಿನ ಗೆರೆಗಳು ಮಾಯವಾಗದಂತೆ ಎಚ್ಚರ ವಹಿಸಿ.

ನಾಲ್ಕು: ಬೆನ್ನಿಗೆ ಸೂರ್ಯ, ಹೂವಿನ ಹಿಂದೆ ನೀಲಿ ಆಕಾಶ. ಬಿಸಿಲಿನಲ್ಲಿ ಎಲ್ಲಕ್ಕಿಂತ ಸುಲಭದ ಸಂದರ್ಭ ಇದು. ಬೋಳುಕೊಂಬೆಯ ಮುತ್ತುಗ, ಬೂರುಗಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಹೂವು ಕೆಂಪಾದ್ದರಿಂದ ಸ್ವಲ್ಪ ಮೈನಸ್ ಮಾಡಿದರೆ ಸಾಕು.

ಕೆಂಪು, ಹಳದಿ ಮೊದಲು ಸುಡುವುದೇಕೆ?

ಡಿಜಿಟಲ್ ಕ್ಯಾಮರಾ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಭಾಗಗಳಾಗಿ ಹಿಡಿಯುತ್ತದೆ. ಮೂರು ಬಿಂದಿಗೆಗಳಲ್ಲಿ ಮಳೆನೀರು ಹಿಡಿದಂತೆ ಎಂದು ಭಾವಿಸಿ. ಮುತ್ತುಗದ ಹೂವಿನಿಂದ ಬರುವ ಬೆಳಕಿನಲ್ಲಿ ಕೆಂಪಿನ ಪಾಲು ಬಹಳ ಹೆಚ್ಚು. ಕೆಂಪಿನ ಬಿಂದಿಗೆ ತುಂಬಿ ಹೊರಚೆಲ್ಲುತ್ತಿರುವಾಗ ಉಳಿದೆರಡು ಅರ್ಧವೂ ತುಂಬಿರುವುದಿಲ್ಲ. ಕ್ಯಾಮರಾ ಒಟ್ಟು ಸರಾಸರಿ ನೋಡಿ ‘ಎಲ್ಲ ಸರಿಯಿದೆ’ ಎನ್ನುತ್ತದೆ. ಆದರೆ ಕೆಂಪು ತುಂಬಿ ಚೆಲ್ಲಿದ ಜಾಗದಲ್ಲೆಲ್ಲ ಒಂದೇ ಸಮನಾದ ಬಣ್ಣ ಉಳಿಯುತ್ತದೆ. ಎಸಳಿನ ಮಡಿಕೆ, ನರ, ನೆರಳು ಯಾವುದೂ ಇರುವುದಿಲ್ಲ. ಕಕ್ಕೆಯ ಹಳದಿಯಲ್ಲಿ ಕೆಂಪು ಮತ್ತು ಹಸಿರು ಎರಡೂ ಬಿಂದಿಗೆಗಳು ಒಟ್ಟಿಗೆ ತುಂಬುತ್ತವೆ, ಅದಕ್ಕೇ ಅದು ಬಿಳುಚಿಕೊಳ್ಳುತ್ತದೆ.

ನಿಮ್ಮ ಕ್ಯಾಮರಾದಲ್ಲಿ ಹಿಸ್ಟೋಗ್ರಾಂ ಎಂಬ ಗುಡ್ಡದಾಕಾರದ ನಕ್ಷೆ ಇದ್ದರೆ ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಸೌಲಭ್ಯವಿದ್ದರೆ ಅದನ್ನೇ ಆರಿಸಿ. ಯಾವುದಾದರೂ ಒಂದು ಬಣ್ಣದ ಗುಡ್ಡ ಬಲಗಡೆಯ ಅಂಚಿಗೆ ಒತ್ತಿಕೊಂಡಿದ್ದರೆ ಆ ಬಣ್ಣ ಸುಟ್ಟಿದೆ ಎಂದೇ ಅರ್ಥ. ಎಕ್ಸ್‌ಪೋಷರ್ ಇಳಿಸಿ ಇನ್ನೊಂದು ತೆಗೆಯಿರಿ.

ಮೊಬೈಲ್ ಮಾತ್ರ ಇದ್ದರೆ?

ಹೆಚ್ಚಿನ ಮನೆಗಳಲ್ಲಿ ಇರುವುದು ಅದೇ. ಅದರಲ್ಲೇ ಒಳ್ಳೆಯ ಚಿತ್ರ ತೆಗೆಯಬಹುದು. ಹೀಗೆ ಮಾಡಿ:

ಮೊದಲು ಲೆನ್ಸ್ ಒರೆಸಿ. ಅಡುಗೆಮನೆಯಲ್ಲಿ ಓಡಾಡುವ ಫೋನಿನ ಲೆನ್ಸಿಗೆ ಎಣ್ಣೆಯ ಬೆರಳಿನ ಗುರುತು ಇದ್ದೇ ಇರುತ್ತದೆ. ಬಿಸಿಲು ಬಿದ್ದಾಗ ಆ ಜಿಡ್ಡು ಇಡೀ ಚಿತ್ರಕ್ಕೆ ಮಂಜು ಕವಿಸುತ್ತದೆ. ಮೆತ್ತಗಿನ ಹತ್ತಿಬಟ್ಟೆ ಸಾಕು.

ಪರದೆಯ ಮೇಲೆ, ಅತ್ಯಂತ ಹೆಚ್ಚು ಬಿಸಿಲು ಬಿದ್ದಿರುವ ಹೂವಿನ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿ. ಕ್ಯಾಮರಾ ಆ ಜಾಗಕ್ಕೆ ಬೆಳಕನ್ನು ಹೊಂದಿಸಿಕೊಳ್ಳುತ್ತದೆ. ಹೆಚ್ಚಿನ ಫೋನುಗಳಲ್ಲಿ ಪಕ್ಕದಲ್ಲೇ ಸೂರ್ಯನ ಗುರುತೊಂದು ಮೂಡುತ್ತದೆ. ಅದನ್ನು ಕೆಳಕ್ಕೆ ಎಳೆದರೆ ಚಿತ್ರ ಕಪ್ಪಾಗುತ್ತಾ ಹೋಗುತ್ತದೆ. ಎಸಳಿನ ಗೆರೆಗಳು ಕಾಣಿಸಿಕೊಳ್ಳುವಲ್ಲಿ ನಿಲ್ಲಿಸಿ. ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಹಲವು ಫೋನುಗಳಲ್ಲಿ ಈ ಅಳತೆ ಹಾಗೆಯೇ ಲಾಕ್ ಆಗುತ್ತದೆ. ಆಮೇಲೆ ಚೌಕಟ್ಟನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು.

ಎಚ್‌ಡಿಆರ್ ಎಂಬ ಸೌಲಭ್ಯ ಬೇರೆಬೇರೆ ಎಕ್ಸ್‌ಪೋಷರಿನ ಹಲವು ಚಿತ್ರಗಳನ್ನು ಕೂಡಿಸಿ ಒಂದು ಮಾಡುತ್ತದೆ. ಬಿಸಿಲು-ನೆರಳು ಎರಡೂ ಇರುವ ಕಡೆ ಇದು ಉಪಯುಕ್ತ. ಆದರೆ ಗಾಳಿಗೆ ಕೊಂಬೆ ಅಲ್ಲಾಡುತ್ತಿದ್ದರೆ ಹೂವಿನ ಅಂಚು ಎರಡೆರಡಾಗಿ ಕಾಣಬಹುದು. ಗಾಳಿ ನಿಲ್ಲುವವರೆಗೆ ಒಂದು ನಿಮಿಷ ತಾಳ್ಮೆಯಿಂದಿರಿ.

ಬಿಸಿಲಿನಲ್ಲಿ ಪರದೆಯನ್ನು ನಂಬಬೇಡಿ. ಉರಿಬಿಸಿಲಲ್ಲಿ ಪರದೆ ಕಪ್ಪಗೆ ಕಾಣುವುದರಿಂದ ನಮಗರಿವಿಲ್ಲದೆಯೇ ಬೆಳಕು ಹೆಚ್ಚಿಸುತ್ತೇವೆ. ಮನೆಯ ನೆರಳಲ್ಲಿ ನೋಡಿದಾಗ ಎಲ್ಲವೂ ಬೆಳ್ಳಗೆ! ಹಿಂದಿನ ಕಾಲದ ಸ್ಟುಡಿಯೋ ಫೋಟೋಗ್ರಾಫರುಗಳು ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಕ್ಯಾಮರಾದೊಳಗೆ ಇಣುಕುತ್ತಿದ್ದುದು ಇದೇ ಕಾರಣಕ್ಕೆ. ನಿಮ್ಮ ಬಳಿ ದುಪ್ಪಟ್ಟಾವೋ ಸೆರಗೋ ಇದ್ದೇ ಇದೆಯಲ್ಲ. ಅದನ್ನು ತಲೆ ಮತ್ತು ಫೋನಿನ ಮೇಲೆ ಎಳೆದುಕೊಳ್ಳಿ, ಪರದೆ ಸ್ಪಷ್ಟವಾಗಿ ಕಾಣುತ್ತದೆ.

ಕ್ಯಾಮರಾ ಇದ್ದವರಿಗೆ ‘ಬಿಸಿಲು ಹದಿನಾರು’

ಮನೆಯಲ್ಲಿ ಹಳೆಯ ಫಿಲ್ಮ್ ಕ್ಯಾಮರಾವೋ ಡಿಎಸ್‌ಎಲ್‌ಆರ್ ಕ್ಯಾಮರಾವೋ ಇದ್ದರೆ ಈ ಸೂತ್ರ ನೆನಪಿಡಿ. ಫಿಲ್ಮ್ ರೋಲಿನ ಡಬ್ಬಿಯ ಒಳಗಡೆ ಸೂರ್ಯ, ಮೋಡಗಳ ಚಿತ್ರ ಬರೆದು ಅಂಕಿಗಳನ್ನು ಮುದ್ರಿಸಿರುತ್ತಿದ್ದುದನ್ನು ಕೆಲವರಾದರೂ ನೋಡಿರಬಹುದು. ಅದರ ಸಾರ ಇಷ್ಟೇ: ಸ್ವಚ್ಛ ಬಿಸಿಲಿನಲ್ಲಿ ಅಪರ್ಚರ್ ಎಫ್/16 ಇಟ್ಟರೆ, ಶಟರ್ ವೇಗ ಐಎಸ್‌ಒ ಸಂಖ್ಯೆಗೆ ಹತ್ತಿರವಿರಬೇಕು. ಐಎಸ್‌ಒ 100 ಇದ್ದರೆ ಸೆಕೆಂಡಿನ 1/125. ಗಾಳಿಗೆ ಹೂವು ಅಲ್ಲಾಡುವುದರಿಂದ ವೇಗ ಹೆಚ್ಚಿಸಬೇಕೆಂದರೆ ಎಫ್/8ಕ್ಕೆ 1/500, ಎಫ್/5.6ಕ್ಕೆ 1/1000. ಒಳಗೆ ಬರುವ ಬೆಳಕು ಮೂರರಲ್ಲೂ ಒಂದೇ.

ಈ ಸೂತ್ರದ ಲಾಭವೇನೆಂದರೆ ಇದು ಹೂವಿನ ಮೇಲೆ ಬೀಳುವ ಬೆಳಕಿನ ಲೆಕ್ಕ. ಹಿನ್ನೆಲೆ ಕಪ್ಪಾಗಲಿ, ಬಿಳಿಯಾಗಲಿ, ಸೂರ್ಯನ ಬೆಳಕು ಬದಲಾಗುವುದಿಲ್ಲವಲ್ಲ! ಹೂವು ಬಿಳಿ ಅಥವಾ ಕಡುಹಳದಿಯಾದರೆ ಬೆಳಕನ್ನು ಅರ್ಧಕ್ಕೆ ಇಳಿಸಿ. ಸೂರ್ಯನಿಗೆ ಎದುರಾಗಿ ನಿಂತು ನೆರಳಿನ ಭಾಗವನ್ನು ತೆಗೆಯುವುದಾದರೆ ಎರಡರಿಂದ ನಾಲ್ಕು ಪಟ್ಟು ಹೆಚ್ಚಿಸಿ. ಸಾಹಿತಿ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಫೋಟೋ ತೆಗೆಯುತ್ತಿದ್ದ ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ ಮೂವತ್ತಾರೇ ಚಿತ್ರ. ರೋಲ್ ತೊಳೆಸಿದ ಮೇಲಷ್ಟೇ ಫಲಿತಾಂಶ ತಿಳಿಯುತ್ತಿತ್ತು. ಆಗ ಬೆಳಕಿನ ಅಂದಾಜು ತಲೆಯಲ್ಲೇ ಇರಬೇಕಿತ್ತು. ಇಂದು ಒಂದೇ ಹೂವನ್ನು ಮೈನಸ್ ಒಂದು, ಸೊನ್ನೆ, ಪ್ಲಸ್ ಒಂದು ಎಂದು ಮೂರು ಸಲ ಖರ್ಚಿಲ್ಲದೆ ತೆಗೆಯಬಹುದು. ಆ ಅನುಕೂಲವನ್ನು ಬಳಸಿಕೊಳ್ಳಿ.

ಯಾವ ಹೊತ್ತು, ಯಾವ ದಿಕ್ಕು?

ಮಳಗಿಯ ಅಕ್ಷಾಂಶಕ್ಕೆ ಏಪ್ರಿಲ್ ಕೊನೆಯ ದಿನಗಳಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಯ ನೇರಕ್ಕೆ ಬರುತ್ತಾನೆ. ಹನ್ನೆರಡೂವರೆಯ ಸುಮಾರಿಗೆ ನೆಟ್ಟಗೆ ನಿಂತ ಕಂಬದ ನೆರಳು ಬುಡದಲ್ಲೇ ಅಡಗಿರುತ್ತದೆ. ಕಕ್ಕೆ, ಗುಲ್‌ಮೊಹರ್ ತುಂಬಿ ನಿಲ್ಲುವುದೂ ಅದೇ ದಿನಗಳಲ್ಲಿ. ಆ ಹೊತ್ತಿನಲ್ಲಿ ಮರದ ನೆತ್ತಿ ಸುಡುತ್ತಿರುತ್ತದೆ, ಕೆಳಗಿನ ಗೊಂಚಲು ಕತ್ತಲೆಯಲ್ಲಿರುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ಯಾವ ಕ್ಯಾಮರಾಕ್ಕೂ ಸುಲಭವಲ್ಲ.

ಆದ್ದರಿಂದ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆಯ ನಂತರ ತೆಗೆಯಿರಿ. ಓರೆಯಾಗಿ ಬೀಳುವ ಬೆಳಕು ಹೂವಿನ ಪಕ್ಕಗಳನ್ನೂ ಬೆಳಗುತ್ತದೆ. ಮಕ್ಕಳನ್ನು ಶಾಲೆಗೆ ಕಳಿಸುವ ಗಡಿಬಿಡಿಯಲ್ಲಿ ಬೆಳಿಗ್ಗೆ ಸಾಧ್ಯವಾಗದಿದ್ದರೆ ಅಸರ್ ನಮಾಝಿನ ನಂತರದ ಬೆಳಕೂ ಸೊಗಸಾಗಿರುತ್ತದೆ.

ಮಧ್ಯಾಹ್ನವೇ ತೆಗೆಯಬೇಕಾಗಿ ಬಂದರೆ ಇಡೀ ಮರದ ಆಸೆ ಬಿಟ್ಟು ಒಂದು ಗೊಂಚಲನ್ನು ಆರಿಸಿ. ಮರದಡಿಯ ನೆರಳಲ್ಲಿ ನಿಂತು ಮೇಲೆ ನೋಡಿ. ಕಕ್ಕೆಯ ಎಸಳು ತೆಳು, ಹಿಂದಿನಿಂದ ಬಿಸಿಲು ಬಿದ್ದಾಗ ದೀಪ ಹಚ್ಚಿದಂತೆ ಹೊಳೆಯುತ್ತದೆ. ಸೂರ್ಯ ನೇರವಾಗಿ ಲೆನ್ಸಿಗೆ ಬೀಳದಂತೆ ಒಂದು ಕೊಂಬೆಯ ಮರೆಯಲ್ಲಿ ನಿಲ್ಲಿ, ಇಲ್ಲವೇ ಅಂಗೈ ಅಡ್ಡ ಹಿಡಿಯಿರಿ. ಕೈಗೆಟಕುವ ಕೊಂಬೆಯಾದರೆ ಮಗಳ ಕೈಗೆ ಬಿಳಿ ದುಪ್ಪಟ್ಟಾ ಕೊಟ್ಟು ಸೂರ್ಯನಿಗೂ ಹೂವಿಗೂ ನಡುವೆ ಬಿಡಿಸಿ ಹಿಡಿಯಲು ಹೇಳಿ. ಉರಿಬಿಸಿಲು ಸೋಸಿ ಮೃದುವಾಗಿ ಇಳಿಯುತ್ತದೆ. ನೆರಳಲ್ಲಿರುವ ಹೂವಿಗೆ ಬೆಳಕು ಬೇಕಾದರೆ ಅದೇ ಬಟ್ಟೆಯನ್ನು ಕೆಳಗೆ ಹರಡಿ. ಅದು ಬೆಳಕನ್ನು ಮೇಲಕ್ಕೆ ಪ್ರತಿಫಲಿಸುತ್ತದೆ.

ಒಂದೆರಡು ಎಚ್ಚರಿಕೆಗಳು: ಕ್ಯಾಮರಾದ ಕಿಂಡಿಯಿಂದ ಸೂರ್ಯನನ್ನು ನೇರವಾಗಿ ನೋಡಬೇಡಿ, ಕಣ್ಣಿಗೆ ಹಾನಿ. ಫೋನನ್ನು ಬಿಸಿಲಲ್ಲಿ ಬಿಟ್ಟಿಡಬೇಡಿ. ಹೂಬಿಟ್ಟ ಮರದಲ್ಲಿ ಹೆಜ್ಜೇನು ಇದೆಯೇ ನೋಡಿಕೊಳ್ಳಿ. ಕಾಡಿನೊಳಗೆ ಒಬ್ಬರೇ ಹೋಗಬೇಡಿ, ರಸ್ತೆಯ ಬದಿಯ ಮರಗಳೇ ಬೇಕಾದಷ್ಟಿವೆ. ಫೋಟೋಕ್ಕಾಗಿ ಕೊಂಬೆ ಮುರಿಯಬೇಡಿ.

ಒಂದು ಮರದ ಫೋಟೋ ಏಕೆ ಇಷ್ಟು ಮುಖ್ಯ?

ಹೂವಿನ ಫೋಟೋ ಚೆನ್ನಾಗಿ ಬಂದರೆಷ್ಟು, ಬಿಟ್ಟರೆಷ್ಟು ಎಂದು ಕೆಲವರಿಗೆ ಅನಿಸಬಹುದು. ಆದರೆ ಇದರಲ್ಲಿ ನಮ್ಮ ಪಾಲಿನ ಕೆಲಸವೂ ಇದೆ.

ಮುತ್ತುಗ ಹೂಬಿಡುವುದು ವರ್ಷದಲ್ಲಿ ಕೆಲವೇ ವಾರ. ಮಳೆ, ಸೆಖೆ ಹಿಂದೆಮುಂದೆಯಾದಂತೆ ಮರಗಳು ಹೂಬಿಡುವ ಕಾಲವೂ ಏರುಪೇರಾಗುತ್ತದೆ. ಇದನ್ನು ತಿಳಿಯಲು ಸಾಮಾನ್ಯ ಜನರ ನೆರವನ್ನೇ ಕೇಳುವ ‘ಸೀಸನ್‌ವಾಚ್’ ಎಂಬ ಯೋಜನೆಯೊಂದಿದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆ ಇದನ್ನು ನಡೆಸುತ್ತಿದೆ. ಶಾಲಾ ಮಕ್ಕಳು, ಆಸಕ್ತರು ತಮ್ಮ ಹತ್ತಿರದ ಒಂದು ಮರವನ್ನು ಆರಿಸಿಕೊಂಡು, ವಾರವಾರವೂ ಚಿಗುರೆಷ್ಟು, ಮೊಗ್ಗೆಷ್ಟು, ಹೂವೆಷ್ಟು, ಕಾಯೆಷ್ಟು ಎಂದು ಬರೆದಿಡುತ್ತಾರೆ. ಮನೆಯಲ್ಲೇ ಇದ್ದು ಅಂಗಳದ, ಓಣಿಯ ಮರವನ್ನು ದಿನವೂ ಕಾಣುವ ಮಹಿಳೆಯರಿಗಿಂತ ಚೆನ್ನಾಗಿ ಇದನ್ನು ಮಾಡಬಲ್ಲವರು ಯಾರು? ಇಂಥ ದಾಖಲೆಗೆ ಫೋಟೋ ಜೊತೆಯಿದ್ದರೆ ಬಲ ಬರುತ್ತದೆ. ಆದರೆ ಸುಟ್ಟ ಫೋಟೋದಲ್ಲಿ ಮೊಗ್ಗಿಗೂ ಹೂವಿಗೂ ವ್ಯತ್ಯಾಸವೇ ಕಾಣದು. ಕಪ್ಪಾದ ಫೋಟೋದಲ್ಲಿ ಚಿಗುರು ಕಾಣದು. ಎಕ್ಸ್‌ಪೋಷರ್ ಸರಿಯಿದ್ದರೆ ಮಾತ್ರ ಆ ಚಿತ್ರ ಸಾಕ್ಷಿಯಾಗಿ ನಿಲ್ಲುತ್ತದೆ.

ಇನ್ನೊಂದು ಮಾತು. ರಸ್ತೆ ಅಗಲವಾಗುವಾಗ, ಮನೆ ಕಟ್ಟುವಾಗ, ಗಾಳಿಮಳೆಗೆ ಮರಗಳು ಹೋಗುತ್ತಲೇ ಇರುತ್ತವೆ. ಈ ವರ್ಷ ಕಂಡ ಮರ ಬರುವ ವರ್ಷ ಇದ್ದೇ ಇರುತ್ತದೆಂಬ ಭರವಸೆಯಿಲ್ಲ. ದುಡಿಮೆಗೆಂದು ಕೊಲ್ಲಿ ದೇಶಗಳಿಗೆ ಹೋದ ಎಷ್ಟೋ ಮಂದಿಗೆ ಊರೆಂದರೆ ನೆನಪಾಗುವುದು ಮನೆಮುಂದಿನ ಒಂದು ಮರ. ಅದು ಹೂಬಿಟ್ಟ ಚಿತ್ರ ಕಳಿಸಿದರೆ, ಅದರಲ್ಲಿ ಹೂವಿನ ನಿಜವಾದ ಬಣ್ಣವೇ ಇರಬೇಕಲ್ಲವೇ?

ನಮ್ಮ ಮನೆಗಳ ಗೋಡೆಗೂ ಇದು ಹೊಂದುವ ಚಿತ್ರ. ಜೀವಿಗಳ ಚಿತ್ರದ ಬಗ್ಗೆ ನಮ್ಮಲ್ಲಿ ಹಿಂದಿನಿಂದಲೂ ಸಂಕೋಚ, ಚರ್ಚೆಗಳಿವೆ. ಚಿತ್ರ ಬರೆದು ಜೀವನ ಸಾಗಿಸುತ್ತಿದ್ದ ಒಬ್ಬಾತನಿಗೆ ಇಬ್ನು ಅಬ್ಬಾಸ್(ರ)ರವರು ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಚಿತ್ರಿಸುವಂತೆ ಸೂಚಿಸಿದ ವರದಿ ಹದೀಸ್ ಗ್ರಂಥಗಳಲ್ಲಿದೆ. ಹಾಗಾಗಿ ಫೋಟೋ ತೂಗುಹಾಕಲು ಹಿಂಜರಿಯುವ ಹಿರಿಯರಿರುವ ಮನೆಯಲ್ಲೂ ಹೂಮರದ ಚಿತ್ರಕ್ಕೆ ಜಾಗ ಸಿಗುವುದು ಕಷ್ಟವಲ್ಲ. ಪ್ರಿಂಟ್ ಹಾಕಿಸುವ ಮೊದಲು ಚಿತ್ರವನ್ನು ದೊಡ್ಡದು ಮಾಡಿ ಎಸಳುಗಳನ್ನು ಒಮ್ಮೆ ನೋಡಿಕೊಳ್ಳಿ. ಮೊಬೈಲಿನಲ್ಲಿ ಕಾಣದ ಸುಟ್ಟ ಕಲೆ ಕಾಗದದ ಮೇಲೆ ಎದ್ದು ಕಾಣುತ್ತದೆ.

ನೆನಪಿಡಿ

* ಲೆನ್ಸ್ ಒರೆಸದೆ ಫೋಟೋ ತೆಗೆಯಬೇಡಿ.
* ಅತಿ ಹೆಚ್ಚು ಬೆಳಗಿದ ಹೂವಿನ ಮೇಲೆ ತಟ್ಟಿ, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ.
* ಹಿಂದೆ ಕತ್ತಲಿದ್ದರೆ ಮೈನಸ್, ಹಿಂದೆ ಬಿಳಿಯಿದ್ದರೆ ಪ್ಲಸ್ ಅಥವಾ ಜಾಗ ಬದಲಿಸಿ.
* ಕೆಂಪು, ಹಳದಿ ಹೂವಿಗೆ ಸದಾ ಸ್ವಲ್ಪ ಮೈನಸ್.
* ಅನುಮಾನವಿದ್ದರೆ ಬೇರೆಬೇರೆ ಎಕ್ಸ್‌ಪೋಷರಿನಲ್ಲಿ ಮೂರು ಫೋಟೋ.
* ಫೋಟೋದ ಜೊತೆ ಮರದ ಹೆಸರು, ಊರು, ದಿನಾಂಕ ಬರೆದಿಡಿ.

ನಿಮ್ಮ ಓಣಿಯ ಒಂದು ಮರವನ್ನು ಇಂದೇ ಆರಿಸಿಕೊಳ್ಳಿ. ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು, ಅದೇ ಹೊತ್ತಿನಲ್ಲಿ ಅದರ ಚಿತ್ರ ತೆಗೆಯಿರಿ. ಮೊದಲ ವರ್ಷ ಅದು ಬರಿಯ ಹವ್ಯಾಸ. ಹತ್ತನೇ ವರ್ಷಕ್ಕೆ ಅದು ನಿಮ್ಮ ಊರಿನ ಚರಿತ್ರೆಯ ಒಂದು ಪುಟವಾಗಿರುತ್ತದೆ.